ರೊನಾಲ್ಡೊನ ಮಂಡಿ: ಆ ನಾಲ್ಕೂವರೆ ತಿಂಗಳ ಲೆಕ್ಕ

ಬ್ರೆಜಿಲ್‌ನ ರೊನಾಲ್ಡೊ (ಪೋರ್ಚುಗಲ್‌ನವನಲ್ಲ, ಅವನಿಗಿಂತ ಎಂಟು ವರ್ಷ ಹಿರಿಯ) ಎಂದ ಕೂಡಲೇ ಮೂರು ಕಥೆಗಳು ಒಂದಕ್ಕೊಂದು ಸಿಕ್ಕು ಹಾಕಿಕೊಳ್ಳುತ್ತವೆ. 1998ರ ವಿಶ್ವಕಪ್ ಫೈನಲ್ ದಿನ ಹೋಟೆಲ್‌ನಲ್ಲಿ ಬಂದ ಫಿಟ್ಸ್, ಇಟಲಿಯ ಕ್ಲಬ್ ಇಂಟರ್ ಮಿಲಾನ್‌ನಲ್ಲಿದ್ದಾಗ ಹೋದ ಮಂಡಿ, ಕೊನೆಗಾಲದ ದಪ್ಪ ಮೈ. ಫಿಟ್ಸ್ ಬಂದಲ್ಲಿಂದಲೇ ಅವನ ಇಳಿಗಾಲ ಶುರು ಎನ್ನುವವರಿದ್ದಾರೆ. ತೂಕ ಏರಿದ್ದಕ್ಕೇ ಮಂಡಿ ಹೋಯಿತು ಎನ್ನುವವರೂ ಇದ್ದಾರೆ. ಇಸವಿಗಳನ್ನು ಸಾಲಾಗಿ ಇಟ್ಟು ನೋಡಿದರೆ ಎರಡೂ ನಿಲ್ಲುವುದಿಲ್ಲ. ಮಂಡಿಯ ತೊಂದರೆ 1998ಕ್ಕಿಂತ ಹಳೆಯದು. ತೂಕದ ಮಾತು ಜೋರಾದದ್ದು ಅದಾಗಿ ಎಷ್ಟೋ ವರ್ಷಕ್ಕೆ.

ಮೊದಲ ಭಾಗವನ್ನು ಬೇಗ ಮುಗಿಸಿಬಿಡಬಹುದು. 1976ರಲ್ಲಿ ಹುಟ್ಟು, ರಿಯೊ ಡಿ ಜನೈರೊದ ಹೊರವಲಯ ಬೆಂಟೊ ರಿಬೇರೊದಲ್ಲಿ ಬಾಲ್ಯ, ಸಾವೊ ಕ್ರಿಸ್ಟೊವಾವೊ ಎಂಬ ಸಣ್ಣ ಕ್ಲಬ್‌ನಲ್ಲಿ ಪಾಠ. 1970ರ ವಿಶ್ವಕಪ್ ಗೆದ್ದ ತಂಡದ ಜೈರ್‌ಜಿನೊ ಕಣ್ಣಿಗೆ ಬಿದ್ದು 1993ರಲ್ಲಿ ಬೆಲೊ ಒರಿಜಾಂಟೆಯ ಕ್ರುಜೇರೊ ಸೇರಿದ. ಆಗ ವಯಸ್ಸು 16. ಮರುವರ್ಷ 17ರ ಹುಡುಗ ವಿಶ್ವಕಪ್ ಗೆದ್ದ ತಂಡದ ಬೆಂಚಿನಲ್ಲಿದ್ದ. ಒಂದು ನಿಮಿಷವೂ ಆಡಲಿಲ್ಲ. ಅಲ್ಲಿಂದ ನೆದರ್ಲೆಂಡ್ಸ್‌ನ ಪಿಎಸ್‌ವಿ, ಮೊದಲ ಲೀಗ್ ಋತುವಿನಲ್ಲೇ 30 ಗೋಲು. 1996ರಲ್ಲಿ ಬಾರ್ಸಿಲೋನಾ, ಒಂದೇ ಋತು, 49 ಪಂದ್ಯಗಳಲ್ಲಿ 47 ಗೋಲು. ಆ ಅಕ್ಟೋಬರ್‌ನಲ್ಲಿ ಕಾಂಪೊಸ್ಟೆಲಾ ವಿರುದ್ಧ ತನ್ನ ಅರ್ಧದಿಂದಲೇ ಚೆಂಡು ಹಿಡಿದು, ಅಂಗಿ ಎಳೆದವರನ್ನೂ ಎಳೆದುಕೊಂಡೇ ಓಡಿ ಗೋಲು ಹೊಡೆದಾಗ ಕೋಚ್ ಬಾಬಿ ರಾಬ್ಸನ್ ಎದ್ದು ನಿಂತು ಎರಡೂ ಕೈ ತಲೆಯ ಮೇಲೆ ಇಟ್ಟುಕೊಂಡರು. 1997ರಲ್ಲಿ ಇಂಟರ್ ಸುಮಾರು 2.7 ಕೋಟಿ ಡಾಲರ್ ಕೊಟ್ಟು ಒಪ್ಪಂದ ಬಿಡಿಸಿಕೊಂಡಿತು. ಅದು ಆಗಿನ ವಿಶ್ವದಾಖಲೆ. ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಬ್ಯಾಲನ್ ಡಿ'ಓರ್ ಆ ವರ್ಷ ಕೈಗೆ ಬಂದಾಗ ಅವನಿಗೆ 21.

ಗೋಲುಗಳನ್ನು ಎಲ್ಲರೂ ಎಣಿಸುತ್ತಾರೆ, ಬೇಸಿಗೆಗಳನ್ನು ಎಣಿಸುವವರು ಕಡಿಮೆ. ಯುರೋಪಿನ ಕ್ಲಬ್ ಋತು ಮೇ-ಜೂನ್‌ನಲ್ಲಿ ಮುಗಿಯುತ್ತದೆ. ಮೈ ಸುಧಾರಿಸಿಕೊಳ್ಳುವುದು ಆ ಬಿಡುವಿನಲ್ಲಿ. ರೊನಾಲ್ಡೊಗೆ 1994ರಲ್ಲಿ ವಿಶ್ವಕಪ್, 1995ರಲ್ಲಿ ಕೋಪಾ ಅಮೆರಿಕ (ದಕ್ಷಿಣ ಅಮೆರಿಕದ ದೇಶಗಳ ಕಪ್), 1996ರಲ್ಲಿ ಅಟ್ಲಾಂಟಾ ಒಲಿಂಪಿಕ್ಸ್, 1997ರಲ್ಲಿ ಮತ್ತೆ ಕೋಪಾ, ಸಾಲದ್ದಕ್ಕೆ ಡಿಸೆಂಬರ್‌ನಲ್ಲಿ ಕಾನ್ಫೆಡರೇಷನ್ಸ್ ಕಪ್, 1998ರಲ್ಲಿ ವಿಶ್ವಕಪ್, 1999ರಲ್ಲಿ ಮತ್ತೊಂದು ಕೋಪಾ. ಆರು ವರ್ಷದಲ್ಲಿ ಒಂದು ಬೇಸಿಗೆಯೂ ಖಾಲಿ ಇಲ್ಲ. ಮೊದಮೊದಲು ಇನ್ನೂ ಬೆಳೆಯುತ್ತಿದ್ದ ಮೈ ಬೇರೆ.

ಆ ಮೈಯಲ್ಲಿ ಸೋತ ಭಾಗ ಯಾವುದು ಎಂದು ತಿಳಿಯದೆ ಮುಂದಿನದು ಅರ್ಥವಾಗದು. ತೊಡೆಯ ಮುಂಭಾಗದ ದಪ್ಪ ಮಾಂಸಖಂಡ ಮಂಡಿಚಿಪ್ಪಿಗೆ ಅಂಟಿಕೊಂಡಿದೆ. ಚಿಪ್ಪಿನ ಕೆಳತುದಿಯಿಂದ ಮೊಳಕಾಲಿನ ಎಲುಬಿನ ಮೇಲ್ಭಾಗಕ್ಕೆ ಇಳಿಯುವ ಗಟ್ಟಿ ಪಟ್ಟಿಯೇ ಪಟೆಲರ್ ಟೆಂಡನ್. ಬಾವಿಯ ರಾಟೆಯ ಮೇಲೆ ಹಗ್ಗ ಹಾಯುವ ಹಾಗೆ, ತೊಡೆಯ ಎಳೆತವೆಲ್ಲ ಚಿಪ್ಪಿನ ಮೂಲಕ ಹಾದು ಈ ಪಟ್ಟಿಗೆ ಬೀಳುತ್ತದೆ. ಕ್ರಿಕೆಟ್, ಕಬಡ್ಡಿ ಸುದ್ದಿಯಲ್ಲಿ ನಾವು ಓದುವ ಎಸಿಎಲ್ ಇದಲ್ಲ. ಅದು ಕೀಲಿನ ಒಳಗೆ ಎಲುಬಿಗೆ ಎಲುಬು ಕಟ್ಟುವ ಲಿಗಮೆಂಟ್. ಇದು ಮಾಂಸಖಂಡದ ಬಲವನ್ನು ಎಲುಬಿಗೆ ಮುಟ್ಟಿಸುವ ಟೆಂಡನ್. ಇದು ತುಂಡಾದರೆ ಮಡಿಸಿದ ಕಾಲನ್ನು ನೆಟ್ಟಗೆ ಮಾಡಲಾಗುವುದಿಲ್ಲ, ಹಿಡಿತ ತಪ್ಪಿದ ಚಿಪ್ಪು ತೊಡೆಯ ಕಡೆಗೆ ಸರಿದುಬಿಡುತ್ತದೆ.

ಆರೋಗ್ಯವಂತ ಟೆಂಡನ್ ಸುಲಭಕ್ಕೆ ಹರಿಯದು. ಸ್ಪರ್ಧೆಯೊಂದರಲ್ಲಿ ಭಾರ ಎತ್ತುತ್ತಿದ್ದಾಗ ಟೆಂಡನ್ ಹರಿದ ವೇಟ್‌ಲಿಫ್ಟರ್‌ನ ಫಿಲಂ ಆಧರಿಸಿ 1977ರಲ್ಲಿ ಲೆಕ್ಕ ಹಾಕಿದವರಿಗೆ ಸಿಕ್ಕ ಬಲ, ದೇಹತೂಕದ 17.5 ಪಟ್ಟು. ಹಾಗಾಗಿ ಹರಿಯುವ ಟೆಂಡನ್‌ಗಳು ಸಾಮಾನ್ಯವಾಗಿ ಮೊದಲೇ ಸವೆದಿರುತ್ತವೆ. ರೊನಾಲ್ಡೊನ ಆಟವಂತೂ ಇದೇ ಪಟ್ಟಿಯ ಮೇಲೆ ನಿಂತಿತ್ತು: ಪೂರ್ಣ ವೇಗದಲ್ಲಿ ಓಡಿ ಬಂದು, ಚೆಂಡಿನ ಮೇಲೆ ಕಾಲು ಸುತ್ತಿಸಿ, ಗಕ್ಕನೆ ಬ್ರೇಕ್ ಹಾಕಿ, ಇನ್ನೊಂದು ದಿಕ್ಕಿಗೆ ಚಿಮ್ಮುವುದು. ಓಡುವಾಗ ಬೀಳುವ ಭಾರಕ್ಕಿಂತ ಆ ಬ್ರೇಕ್‌ನಲ್ಲಿ ಬೀಳುವ ಭಾರ ದೊಡ್ಡದು. ಪಿಎಸ್‌ವಿಯಲ್ಲಿದ್ದಾಗಲೇ ಬಲ ಮಂಡಿ ನೋವು ಶುರುವಾಗಿ 1996ರ ಆರಂಭದಲ್ಲಿ ಶಸ್ತ್ರಚಿಕಿತ್ಸೆ ಆಯಿತು. ಆ ಋತುವಿನ ಲೀಗ್‌ನಲ್ಲಿ ಆಡಲಾದದ್ದು 13 ಪಂದ್ಯ ಮಾತ್ರ. ಆ ಬೇಸಿಗೆಯೇ ಒಲಿಂಪಿಕ್ಸ್.

1998ರ ಫೈನಲ್ ಪ್ರಸಂಗವನ್ನು ಇಲ್ಲೇ ಬೇರೆಯಾಗಿ ಎತ್ತಿಡುವುದು ಒಳ್ಳೆಯದು. ಜುಲೈ 12ರ ಮಧ್ಯಾಹ್ನ, ಪ್ಯಾರಿಸ್ ಹೊರವಲಯದ ಹೋಟೆಲ್. ಕೋಣೆಯಲ್ಲಿ ಜೊತೆಗಿದ್ದ ರಾಬರ್ಟೊ ಕಾರ್ಲೋಸ್ ಕಣ್ಣೆದುರೇ ಫಿಟ್ಸ್ ಬಂತು. ಎಚ್ಚರಾದ ಮೇಲೆ ರೊನಾಲ್ಡೊಗೆ ಏನಾಯಿತೆಂದೇ ನೆನಪಿರಲಿಲ್ಲ. ಅವನನ್ನು ಆಸ್ಪತ್ರೆಗೆ ಒಯ್ದರು, ತಂಡ ಕ್ರೀಡಾಂಗಣಕ್ಕೆ ಹೊರಟಿತು, ಮೊದಲು ಹಂಚಿದ ಪಟ್ಟಿಯಲ್ಲಿ ಎಡ್ಮುಂಡೊ ಹೆಸರಿತ್ತು. ಪರೀಕ್ಷೆಗಳಲ್ಲಿ ದೋಷವೇನೂ ಕಾಣಲಿಲ್ಲ. ಪಂದ್ಯಕ್ಕೆ ಮುಂಚೆ ಬಂದು ಸೇರಿದ ರೊನಾಲ್ಡೊ ತಾನು ಆಡುತ್ತೇನೆಂದ, ಹೊಸ ಪಟ್ಟಿ ಹೊರಬಿತ್ತು. ಭಾರತದಲ್ಲಿ ಮಧ್ಯರಾತ್ರಿ 12.30ಕ್ಕೆ ಟಿವಿ ಮುಂದೆ ಕೂತವರು ಕಂಡದ್ದು ನಡೆದಾಡುತ್ತಿದ್ದ ರೊನಾಲ್ಡೊನನ್ನು. ಎದುರಾಳಿ ಫ್ರಾನ್ಸ್‌ನ ಜಿದಾನ್ ಎರಡು ಹೆಡರ್ ಗೋಲು, ಪೆಟಿ ಒಂದು, ಫ್ರಾನ್ಸ್‌ಗೆ 3-0 ಗೆಲುವು.

ಬ್ರೆಜಿಲ್ ಫುಟ್‌ಬಾಲ್ ಒಕ್ಕೂಟ 1996ರಲ್ಲೇ ನೈಕಿ ಜೊತೆ ಹತ್ತು ವರ್ಷಕ್ಕೆ 16 ಕೋಟಿ ಡಾಲರ್ ಒಪ್ಪಂದ ಮಾಡಿಕೊಂಡಿತ್ತು. ಪ್ರಾಯೋಜಕರ ಒತ್ತಡಕ್ಕೆ ಅವನನ್ನು ಇಳಿಸಿದರು ಎಂಬ ಗುಮಾನಿ ಸಂಸತ್ತಿನ ತನಿಖೆಯವರೆಗೂ ಹೋಯಿತು. 2001ರ ಜನವರಿಯಲ್ಲಿ ರೊನಾಲ್ಡೊನೂ ಹೋಗಿ ಸಾಕ್ಷ್ಯ ಹೇಳಿದ. ಜಿದಾನ್‌ನನ್ನು ಕಾಯಬೇಕಾದವರು ಯಾರು ಎಂದೂ ಅಲ್ಲಿ ಕೇಳಿದ್ದರು! ಆಡಿಸಲೇಬೇಕೆಂಬ ಆಜ್ಞೆ ಇತ್ತೆನ್ನಲು ಪುರಾವೆ ಸಿಗಲಿಲ್ಲ. ಆದರೆ ಮಧ್ಯಾಹ್ನ ಫಿಟ್ಸ್ ಬಂದವನನ್ನು ರಾತ್ರಿ ಆಡಿಸುವ ಹೊತ್ತಿಗೆ ವೈದ್ಯರು, ಕೋಚ್, ಆಟಗಾರ ಮೂವರಲ್ಲಿ ಒಬ್ಬರೂ ಬೇಡವೆನ್ನಲಿಲ್ಲ. ಈ ರೂಢಿ ಮುಂದೆಯೂ ಕಾಣಿಸುತ್ತದೆ.

1998-99ರಲ್ಲಿ ಮಂಡಿ ನೋವಿನಿಂದಾಗಿ ಲೀಗ್‌ನಲ್ಲಿ ಆಡಿದ್ದು 19 ಪಂದ್ಯ. 1999ರ ನವೆಂಬರ್ 21ರಂದು ಇಂಟರ್ ತನ್ನ ಅಂಗಳದಲ್ಲಿ ಲೆಚ್ಚೆಯನ್ನು 6-0ರಿಂದ ಸೋಲಿಸಿದ ದಿನ ಬಲ ಮಂಡಿಯ ಟೆಂಡನ್ ಭಾಗಶಃ ಹರಿಯಿತು. ನವೆಂಬರ್ 30ಕ್ಕೆ ಪ್ಯಾರಿಸ್‌ನಲ್ಲಿ ಡಾ. ಜೆರಾರ್ ಸೈಯಾಂ ಶಸ್ತ್ರಚಿಕಿತ್ಸೆ ಮಾಡಿದರು. ಅಲ್ಲಿಂದ 2000ದ ಏಪ್ರಿಲ್ 12ಕ್ಕೆ ನಾಲ್ಕೂವರೆ ತಿಂಗಳು.

ಟೆಂಡನ್ ಕೂಡಿಕೊಳ್ಳುವ ಕ್ರಮಕ್ಕೆ ತನ್ನದೇ ವೇಗವಿದೆ. ಮೊದಲ ಕೆಲವು ದಿನ ಊತ. ಆಮೇಲೆ ಕೆಲವು ವಾರ ಗಾಯದ ಜಾಗದಲ್ಲಿ ಹೊಸ ಕೊಲಾಜನ್ (ಟೆಂಡನ್‌ಗೆ ಗಟ್ಟಿತನ ಕೊಡುವ ಪ್ರೋಟೀನ್) ತುಂಬುತ್ತದೆ, ಆದರೆ ಎಳೆಗಳು ಅಡ್ಡಾದಿಡ್ಡಿ. ಅವು ಎಳೆತದ ದಿಕ್ಕಿಗೆ ಸಾಲಾಗಿ ಜೋಡಿಸಿಕೊಂಡು, ದುರ್ಬಲ ಬಗೆಯ ಕೊಲಾಜನ್ ಜಾಗಕ್ಕೆ ಗಟ್ಟಿಯದು ಬರಲು ತಿಂಗಳುಗಳು ಬೇಕು, ಕೆಲವೊಮ್ಮೆ ವರ್ಷ ದಾಟುತ್ತದೆ. ಟೆಂಡನ್‌ಗೆ ರಕ್ತಸಂಚಾರ ಕಡಿಮೆ, ಅದಕ್ಕೇ ಈ ನಿಧಾನ. ತೊಡೆಯ ಮಾಂಸಖಂಡ ಹಾಗಲ್ಲ. ಸರಿಯಾದ ವ್ಯಾಯಾಮ ಸಿಕ್ಕರೆ ಕೆಲವೇ ತಿಂಗಳಲ್ಲಿ ಬಲ ಬಹುಪಾಲು ಮರಳುತ್ತದೆ. ಹೀಗಾಗಿ ನಾಲ್ಕನೆಯ, ಐದನೆಯ ತಿಂಗಳಲ್ಲಿ ಒಂದು ಕೆಟ್ಟ ಅಂತರ ಹುಟ್ಟುತ್ತದೆ: ಎಳೆಯುವ ಯಂತ್ರ ಸಿದ್ಧ, ಎಳೆತ ತಡೆಯುವ ಪಟ್ಟಿ ಇನ್ನೂ ಹಸಿ. ನೋವು ಆಗಲೇ ಹೋಗಿರುವುದರಿಂದ ಆಟಗಾರನಿಗೆ ಇದು ಗೊತ್ತಾಗುವುದೂ ಇಲ್ಲ.

ಇಂಥ ಹೊತ್ತಿಗೆ ಸಾಮಾನ್ಯವಾಗಿ ಹೇಳುವ ಪರಿಹಾರ, ಸ್ವಲ್ಪ ಹೊತ್ತು ಮಾತ್ರ ಆಡಿಸುವುದು. ಏಪ್ರಿಲ್ 12ರದ್ದು ಇಟಲಿಯ ಕ್ಲಬ್‌ಗಳ ಕಪ್ ಕೋಪಾ ಇಟಾಲಿಯದ ಎರಡು ಪಂದ್ಯಗಳ ಫೈನಲ್‌ನಲ್ಲಿ ಮೊದಲನೆಯದು, ರೋಮ್‌ನಲ್ಲಿ ಲಾಜಿಯೊ ವಿರುದ್ಧ. ರೊನಾಲ್ಡೊ ಇಳಿದದ್ದು ದ್ವಿತೀಯಾರ್ಧದಲ್ಲಿ ಬದಲಿಯಾಗಿ. ನಿಮಿಷಗಳ ಮಿತಿ ಉಸಿರಿಗೆ, ದಣಿವ ಮಾಂಸಖಂಡಕ್ಕೆ ರಕ್ಷಣೆ. ಟೆಂಡನ್ ಹರಿಯುವುದು ಒಟ್ಟು ನಿಮಿಷಗಳ ಲೆಕ್ಕದಲ್ಲಲ್ಲ, ಒಂದೇ ಒಂದು ಗರಿಷ್ಠ ಎಳೆತದಲ್ಲಿ. ಆ ಎಳೆತ ತೊಂಬತ್ತನೆಯ ನಿಮಿಷಕ್ಕೆ ಬರಬಹುದು, ಮೊದಲನೆಯದಕ್ಕೇ ಬರಬಹುದು. ರೊನಾಲ್ಡೊಗೆ ಬಂದದ್ದು ಇಳಿದ ಆರೇಳು ನಿಮಿಷಕ್ಕೆ. ಪೆನಾಲ್ಟಿ ಬಾಕ್ಸ್ ಹತ್ತಿರ ಚೆಂಡು ಸಿಕ್ಕಿತು, ಎದುರಿಗೆ ಡಿಫೆಂಡರ್. ಅದೇ ಹಳೆಯ ಕಾಲ್ಚಳಕ: ಚೆಂಡಿನ ಮೇಲೆ ಕಾಲು ಸುತ್ತಿಸಿದ, ಬಲಗಾಲು ಊರಿದ, ಮಂಡಿ ಕುಸಿಯಿತು. ಯಾರೂ ಮುಟ್ಟಿರಲಿಲ್ಲ. ಈ ಬಾರಿ ಟೆಂಡನ್ ಪೂರ್ತಿ ಹರಿದಿತ್ತು. ಚಿಪ್ಪು ತೊಡೆಯ ನಡುವಿಗೆ ಏರಿತ್ತೆಂದು ಅವನ ಫಿಸಿಯೊಥೆರಪಿಸ್ಟ್ ನಿಲ್ಟನ್ ಪೆಟ್ರೋನ್ ಆಮೇಲೆ ಹೇಳಿದ್ದಾರೆ.

ಆ ದಿನದ ಹೊಣೆ ಯಾರದು ಎಂಬ ವಾದ ಇಟಲಿಯಲ್ಲಿ ಬಹಳ ನಡೆಯಿತು. ಕ್ಲಬ್ಬಿಗೆ ಕಪ್ ಬೇಕಿತ್ತು, ವೈದ್ಯರು ಒಪ್ಪಿಗೆ ಕೊಟ್ಟಿದ್ದರು, ಆಡಲು ಅವನೂ ತುದಿಗಾಲಲ್ಲಿದ್ದ. ನಾಲ್ಕೂವರೆ ತಿಂಗಳೆನ್ನುವುದು ಆಗಿನ ಪದ್ಧತಿಯಲ್ಲಿ ತೀರಾ ಹುಚ್ಚು ಅವಸರವೂ ಅಲ್ಲ. ಆದರೆ ನಾಲ್ಕು ವರ್ಷದಿಂದ ನೋಯುತ್ತಿದ್ದ, ಹಿಂದೆ ಒಮ್ಮೆ ಕತ್ತಿ ಕಂಡ ಮಂಡಿಗೂ ಅದೇ ಅವಧಿ ಸಾಕೆಂದು ಲೆಕ್ಕ ಹಾಕಿದ್ದೇ ತಪ್ಪಿತು.

ಪೂರ್ತಿ ಹರಿದ ಟೆಂಡನ್ ರಿಪೇರಿ ಎಂದರೆ ಚಿಪ್ಪಿನಲ್ಲಿ ಉದ್ದಕ್ಕೆ ಸಣ್ಣ ರಂಧ್ರ ಕೊರೆದು, ಗಟ್ಟಿ ದಾರ ಹಾಯಿಸಿ, ಹರಿದ ತುದಿಯನ್ನು ಎಳೆದು ಕಟ್ಟುವುದು. ಕೆಲವೊಮ್ಮೆ ಹೊಲಿಗೆಗೆ ಭಾರ ಬೀಳದಂತೆ ಜೊತೆಗೆ ತಂತಿಯನ್ನೂ ಹಾಕುತ್ತಾರೆ. ಬಿಗಿ ಹೆಚ್ಚಾದರೆ ಚಿಪ್ಪು ಕೆಳಗೆ ಕೂತು ಮಂಡಿ ಮಡಿಯದು, ಕಡಿಮೆಯಾದರೆ ಚಿಪ್ಪು ಮೇಲೆ ಉಳಿದು ಕಾಲಿಗೆ ಬಲವಿರದು. ಸಾಮಾನ್ಯವಾಗಿ ಆರು ವಾರದಷ್ಟು ಕಾಲು ನೆಟ್ಟಗೆ ಬ್ರೇಸ್‌ನಲ್ಲಿರುತ್ತದೆ; ಮಡಿಕೆಯ ಕೋನವನ್ನು ವಾರವಾರಕ್ಕೆ ಸ್ವಲ್ಪಸ್ವಲ್ಪ ಹೆಚ್ಚಿಸುತ್ತ ಹೋಗುತ್ತಾರೆ. 2000-01ರ ಋತು ಪೂರ್ತಿ ಕೈತಪ್ಪಿತು. ಇಂಟರ್ ಪರ ಅವನು ಮತ್ತೆ ಆಡಿದ್ದು 2001ರ ಸೆಪ್ಟೆಂಬರ್‌ನಲ್ಲಿ, ಹದಿನೇಳು ತಿಂಗಳ ನಂತರ. ಮೊದಲ ಸಲ ಯಾರೂ ಕೊಡದ ಸಮಯ ಎರಡನೆಯ ಸಲ ತಾನಾಗಿ ಸಿಕ್ಕಿತು, ಅಷ್ಟೆ.

ಆಗಲೂ ಸ್ನಾಯುಸೆಳೆತಗಳು ಬಿಡಲಿಲ್ಲ. ಆ ಋತುವಿನ ಲೀಗ್‌ನಲ್ಲಿ 10 ಪಂದ್ಯ, 7 ಗೋಲು. 2002ರ ಮೇ 5ರಂದು ಇಂಟರ್ ಲಾಜಿಯೊಗೆ 4-2ರಿಂದ ಸೋತು ಪ್ರಶಸ್ತಿ ಕೈತಪ್ಪಿದಾಗ ಬೆಂಚಿನಲ್ಲಿ ಕೂತು ಅತ್ತ. ಅರ್ಹತಾ ಸುತ್ತಿನ ಒಂದು ಪಂದ್ಯವನ್ನೂ ಆಡದವನನ್ನು ಬ್ರೆಜಿಲ್ ಕೋಚ್ ಸ್ಕೊಲಾರಿ ವಿಶ್ವಕಪ್‌ಗೆ ಆರಿಸಿದರು. ಹಿರಿಯ ಸ್ಟ್ರೈಕರ್ ರೊಮಾರಿಯೊನನ್ನು ಬಿಟ್ಟದ್ದಕ್ಕೆ ದೇಶವೇ ಕೂಗಾಡಿತ್ತು. ಇಂಗ್ಲೆಂಡ್ ವಿರುದ್ಧದ ಕ್ವಾರ್ಟರ್ ಫೈನಲ್ ಬಿಟ್ಟು ಉಳಿದ ಎಲ್ಲ ಪಂದ್ಯಗಳಲ್ಲೂ ರೊನಾಲ್ಡೊ ಗೋಲು ಹೊಡೆದ, ಒಟ್ಟು 8. ಟರ್ಕಿ ವಿರುದ್ಧದ ಸೆಮಿಫೈನಲ್‌ಗೆ ಮುಂಚೆ ಸ್ನಾಯು ನೋವಿನ ಸುದ್ದಿಯೇ ಸುದ್ದಿ. ಪತ್ರಕರ್ತರ ಗಮನ ಕಾಲಿನಿಂದ ತಲೆಗೆ ಹೋಗಲೆಂದೇ ಹಣೆಯ ಮೇಲೆ ತ್ರಿಕೋನದಷ್ಟು ಕೂದಲು ಬಿಟ್ಟು ಉಳಿದದ್ದನ್ನು ಬೋಳಿಸಿದೆ ಎಂದು ಆಮೇಲೆ ಅವನೇ ಹೇಳಿದ.

ಆ ಗೋಲುಗಳನ್ನು ಕಾಂಪೊಸ್ಟೆಲಾ ಗೋಲಿನ ಪಕ್ಕ ಇಟ್ಟು ನೋಡಬೇಕು. ಟರ್ಕಿ ವಿರುದ್ಧ, ಗೋಲಿ ಸಜ್ಜಾಗುವ ಮುಂಚೆ ಬೂಟಿನ ತುದಿಯಿಂದ ತಿವಿದದ್ದು. ಫೈನಲ್‌ನಲ್ಲಿ ಜೊತೆಗಾರ ರಿವಾಲ್ಡೊನ ಹೊಡೆತ ಜರ್ಮನಿಯ ಗೋಲಿ ಆಲಿವರ್ ಕಾನ್ ಕೈಜಾರಿದಾಗ ಅಲ್ಲಿಗೆ ಮೊದಲು ತಲುಪಿದ್ದು. ಐವತ್ತು ಮೀಟರ್ ಓಟ, ಬ್ರೇಕ್, ತಿರುವು ಇಲ್ಲಿಲ್ಲ. ಎರಡು-ಮೂರು ಹೆಜ್ಜೆಯ ಚಿಮ್ಮು, ನಿಂತ ಜಾಗದ ಲೆಕ್ಕಾಚಾರ. ಎರಡು ವರ್ಷ ಮಂಚ-ಜಿಮ್ ಕಂಡವನು ಮಂಡಿಗೆ ಕಡಿಮೆ ಖರ್ಚಿನ ಆಟ ಕಟ್ಟಿಕೊಂಡಿದ್ದ. 1997ರವನಿಗಿಂತ ಈ ರೊನಾಲ್ಡೊ ಕಡಿಮೆಯವನು ಎನ್ನುವವರಿಗೆ ವಿಡಿಯೊ ಸಾಕ್ಷಿಯಿದೆ. ಆದರೆ ಜಾಣತನದಲ್ಲಿ ಇವನದೇ ಒಂದು ಕೈ ಮೇಲು.

ಆ ಆಟ ರಿಯಲ್ ಮ್ಯಾಡ್ರಿಡ್‌ನಲ್ಲಿ ನಾಲ್ಕೂವರೆ ವರ್ಷ ಬಾಳಿತು: 177 ಪಂದ್ಯ, 104 ಗೋಲು, 2003ರ ಏಪ್ರಿಲ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ನ ಅಂಗಳ ಓಲ್ಡ್ ಟ್ರಾಫರ್ಡ್‌ನಲ್ಲಿ ಹ್ಯಾಟ್ರಿಕ್ ಹೊಡೆದು ಹೊರನಡೆದಾಗ ಎದುರಾಳಿ ಅಭಿಮಾನಿಗಳ ಚಪ್ಪಾಳೆ. ತೂಕದ ಟೀಕೆ ಜೋರಾದದ್ದು ಈ ವರ್ಷಗಳಲ್ಲಿ. 2006ರ ವಿಶ್ವಕಪ್‌ನಲ್ಲಿ ಅದರ ನಡುವೆಯೇ ವಿಶ್ವಕಪ್‌ಗಳಲ್ಲಿನ ತನ್ನ 15ನೇ ಗೋಲು ಹೊಡೆದು ಜರ್ಮನಿಯ ಗರ್ಡ್ ಮುಲ್ಲರ್ ದಾಖಲೆ ಮುರಿದ. ಅದನ್ನು 2014ರಲ್ಲಿ ಜರ್ಮನಿಯ ಕ್ಲೋಸೆ ದಾಟಿದ್ದು ಬ್ರೆಜಿಲ್ 7-1ರಿಂದ ಸೋತ ಪಂದ್ಯದಲ್ಲೇ.

2008ರ ಫೆಬ್ರವರಿ 13ರಂದು, ಎಸಿ ಮಿಲಾನ್ ಪರ ಲಿವೊರ್ನೊ ವಿರುದ್ಧ ಬದಲಿಯಾಗಿ ಇಳಿದ ಕೆಲವೇ ನಿಮಿಷಕ್ಕೆ ಇನ್ನೊಂದು ಟೆಂಡನ್ ಹರಿಯಿತು, ಈ ಸಲ ಎಡ ಮಂಡಿಯದು. ಮತ್ತೆ ಪ್ಯಾರಿಸ್, ಮತ್ತೆ ಶಸ್ತ್ರಚಿಕಿತ್ಸೆ. 31ರ ವಯಸ್ಸಿನಲ್ಲಿ ಅವಸರಪಡಿಸುವ ಕ್ಲಬ್ಬೂ ಇರಲಿಲ್ಲ, ಮಿಲಾನ್ ಒಪ್ಪಂದ ಮುಂದುವರಿಸಲಿಲ್ಲ. ಬ್ರೆಜಿಲ್‌ನ ಕ್ಲಬ್ ಕೊರಿಂಥಿಯನ್ಸ್ ಪರ 2009ರ ಮಾರ್ಚ್‌ನಲ್ಲಿ ಮರಳಿದ, ಪಾಲ್ಮೆರಾಸ್ ವಿರುದ್ಧ ಕೊನೆಗಳಿಗೆಯಲ್ಲಿ ಹೆಡರ್ ಗೋಲು ಹೊಡೆದ. ಆ ವರ್ಷ ರಾಜ್ಯ ಚಾಂಪಿಯನ್‌ಷಿಪ್, ಕೋಪಾ ಡೊ ಬ್ರಸಿಲ್ ಎರಡೂ ಬಂದವು.

2011ರ ಫೆಬ್ರವರಿ 14ರಂದು, 34ರಲ್ಲಿ ನಿವೃತ್ತಿ ಹೇಳುವಾಗ ತೂಕಕ್ಕೆ ಕಾರಣ ಥೈರಾಯ್ಡ್ ಎಂದ. ಮಿಲಾನ್‌ನಲ್ಲಿದ್ದಾಗಲೇ ಅದು ಪತ್ತೆಯಾಗಿತ್ತು, ಹಾರ್ಮೋನು ತೆಗೆದುಕೊಂಡರೆ ಡೋಪಿಂಗ್ ಆಗುತ್ತದೆಂದು ಬಿಟ್ಟೆ ಎಂಬುದು ಅವನ ವಿವರಣೆ. ಆದರೆ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯ ನಿಷೇಧಿತ ಪಟ್ಟಿಯಲ್ಲಿ ಥೈರಾಯ್ಡ್ ಹಾರ್ಮೋನ್ ಇಲ್ಲ. ಯಾರು ಅವನಿಗೆ ಹಾಗೆ ತಿಳಿಸಿದರೋ, ಯಾಕೆ ಯಾರೂ ತಿದ್ದಲಿಲ್ಲವೋ, ಆ ದಿನ ಅವನೂ ಬಿಡಿಸಿ ಹೇಳಲಿಲ್ಲ.