ಆ ಚುಕ್ಕೆಯೇ ಗ್ರಹ

ಮೈಸೂರು, ಮಂಡ್ಯದ ಶಾಲೆಗಳಲ್ಲಿ ಆಕಾಶ ವೀಕ್ಷಣೆ ನಡೆಸುವಾಗಲೆಲ್ಲ ಎಚ್‌ಆರ್ 8799 ನಕ್ಷತ್ರದ ಚಿತ್ರವನ್ನು ಪರದೆಯ ಮೇಲೆ ತೋರಿಸುತ್ತೇನೆ. ನಕ್ಷತ್ರವನ್ನು ಮರೆಮಾಡಿದ ಜಾಗದ ಸುತ್ತ ನಾಲ್ಕು ಚುಕ್ಕೆಗಳು; ಅವೇ ಅದರ ಗ್ರಹಗಳು. ಕೂಡಲೇ ಪ್ರಶ್ನೆ ಬರುತ್ತದೆ: "ಸಾರ್, ನಿಜವಾದ ಫೋಟೋ ಯಾವಾಗ ತೋರಿಸುತ್ತೀರಿ?" ಮೊಬೈಲ್‌ಗೆ ಬಂದ, ಮೋಡದ ಪಟ್ಟೆಗಳಿರುವ ಬಣ್ಣದ ಚಿತ್ರವೇ ಅಸಲಿ ಎಂದು ಮೇಷ್ಟರುಗಳೂ ವಾದಿಸುತ್ತಾರೆ. ಅದು ಕಲಾವಿದರು ಬರೆದದ್ದು. ಅಸಲಿ ಈ ಚುಕ್ಕೆ. ಸಾವಿರ ಸಲ ಬೇಕಾದರೂ ಹೇಳುತ್ತೇನೆ.

ಲೆಕ್ಕ ಹಾಕಿ ನೋಡಿ. ಆ ನಕ್ಷತ್ರ ಸುಮಾರು 130 ಜ್ಯೋತಿರ್ವರ್ಷ ದೂರದಲ್ಲಿದೆ. ಅಲ್ಲಿ ನಮ್ಮ ಗುರುವಿನಷ್ಟು ಅಗಲದ ಗ್ರಹವೊಂದು ಬಿಲ್ಲೆಯಂತೆ ಕಾಣಬೇಕಾದರೆ, ಬಿಸಿ ವಸ್ತು ಸೂಸುವ, ಕಣ್ಣಿಗೆ ಕಾಣದ ಅವಕೆಂಪು ಬೆಳಕಿನಲ್ಲಿ ಸುಮಾರು 20 ಕಿಲೋಮೀಟರ್ ಅಗಲದ ಕನ್ನಡಿ ಬೇಕು. ಮೈಸೂರಿನಿಂದ ಹೊರಟು ಶ್ರೀರಂಗಪಟ್ಟಣ ದಾಟಿದರೂ ಮುಗಿಯದ ಕನ್ನಡಿ! ಈ ಗ್ರಹಗಳನ್ನು ಸೆರೆಹಿಡಿದ ಹವಾಯಿಯ ಕೆಕ್ ದೂರದರ್ಶಕದ ಕನ್ನಡಿ 10 ಮೀಟರ್. ಅದರ ಚಿತ್ರದಲ್ಲಿ ಪಟ್ಟೆ ಹುಡುಕಿದರೆ ಎಲ್ಲಿಂದ ಬರಬೇಕು?

ಚುಕ್ಕೆ ಸಿಕ್ಕಿದ್ದೇ ದೊಡ್ಡದು. ರಾತ್ರಿ ಕಬ್ಬು ಹೇರಿದ ಟ್ರ್ಯಾಕ್ಟರ್ ಎದುರಿಗೆ ಬರುವಾಗ, ಪಕ್ಕದಲ್ಲಿ ನಡೆಯುವವನ ಬೀಡಿಯ ಕೆಂಡ ಕಾಣುತ್ತದೆಯೇ? ಹೆಡ್‌ಲೈಟಿಗೆ ಅಂಗೈ ಅಡ್ಡ ಹಿಡಿದರೆ ಕಂಡೀತು. ದೂರದರ್ಶಕದಲ್ಲಿ ಆ ಅಂಗೈಯ ಕೆಲಸ ಕರೋನಾಗ್ರಾಫ್‌ನದು. ಗಾಳಿಯ ಕದಲಿಕೆಯನ್ನು ಸೆಕೆಂಡಿಗೆ ನೂರಾರು ಸಲ ಆಕಾರ ಬದಲಿಸುವ ಕನ್ನಡಿ ಸರಿಪಡಿಸುತ್ತದೆ. ಆಮೇಲೂ ಉಳಿದ ನಕ್ಷತ್ರದ ಬೆಳಕನ್ನು ಗಣಕದಲ್ಲಿ ಕಳೆಯುತ್ತಾರೆ. ಈ ಗ್ರಹಗಳು ಎಳೆಯವು, ಹುಟ್ಟಿದಾಗಿನ ಕಾವು ಇನ್ನೂ ಆರಿಲ್ಲ. ಆದ್ದರಿಂದಲೇ ಅವಕೆಂಪಿನಲ್ಲಿ ಸಿಕ್ಕವು. 2008ರಲ್ಲಿ ಮೂರು, 2010ರಲ್ಲಿ ನಾಲ್ಕನೆಯದು. ಒಂದೊಂದೂ ಗುರುವಿನ ಐದರಿಂದ ಹತ್ತು ಪಟ್ಟು ತೂಗೀತು ಎನ್ನುತ್ತಾರೆ. ಅದು ವಯಸ್ಸು, ಹೊಳಪು, ಕಕ್ಷೆಗಳಿಂದ ಕಟ್ಟಿದ ಅಂದಾಜು. ಪರೀಕ್ಷೆಯಲ್ಲಿ ಬರೆಯುವ ಮಕ್ಕಳು 'ಸುಮಾರು' ಎಂಬ ಪದವನ್ನು ದಯವಿಟ್ಟು ಬಿಡಬೇಡಿ. ಚುಕ್ಕೆಯ ಬೆಳಕನ್ನು ಬಿಡಿಸಿ ನೋಡಿದಾಗ ನೀರಾವಿ ಸಿಕ್ಕಿದೆ, ಕಾರ್ಬನ್ ಮಾನಾಕ್ಸೈಡ್ ಸಿಕ್ಕಿದೆ. ಯಾವ ಬಣ್ಣದ ಚಿತ್ರ ಇದನ್ನು ಕೊಟ್ಟೀತು?

ಮಂಡ್ಯದ ಕಡೆಯ ಹಳ್ಳಿಯೊಂದರಲ್ಲಿ ವರ್ಷವರ್ಷದ ಚಿತ್ರಗಳನ್ನು ಸಾಲಾಗಿ ಓಡಿಸಿದೆ. ಚುಕ್ಕೆಗಳು ನಕ್ಷತ್ರದ ಸುತ್ತ ಚೂರುಚೂರೇ ಸರಿದವು. ಮೊಮ್ಮಗಳ ಜೊತೆ ಬಂದಿದ್ದ ಅಜ್ಜಿಯೊಬ್ಬರು ಕೇಳಿದರು: "ಒಳಗಿನದು ಒಂದು ಸುತ್ತು ಬರಲು ಎಷ್ಟು ವರ್ಷ ಬೇಕಪ್ಪಾ?"

"ಸುಮಾರು ಐವತ್ತು, ಅಜ್ಜಿ."

ಅವರು ಬೆರಳು ಮಡಿಸಿ ಎಣಿಸಿದರು. "ಹಾಗಾದರೆ ನಾನು ಹುಟ್ಟಿದ ಮೇಲೆ ಒಂದು ಸುತ್ತು ಮುಗಿಸಿದೆ" ಎಂದು, ಪರದೆಯ ಹತ್ತಿರ ಹೋಗಿ ಮೊಮ್ಮಗಳಿಗೆ ಆ ಚುಕ್ಕೆಯನ್ನು ಬೆರಳಿಟ್ಟು ತೋರಿಸಿದರು.