ಕಣ್ಣು ನೆಗೆಯುವಾಗ ನಾವು ಕುರುಡರು

ಕನ್ನಡಿಗೆ ಹತ್ತಿರ ನಿಂತು ನಿಮ್ಮ ಎಡಗಣ್ಣನ್ನು ನೋಡಿ. ಆಮೇಲೆ ಬಲಗಣ್ಣನ್ನು. ಮತ್ತೆ ಎಡಗಣ್ಣು. ಕಣ್ಣುಗುಡ್ಡೆ ಹೊರಳಿದ್ದು ಒಮ್ಮೆಯಾದರೂ ಕಂಡಿತಾ? ಎಷ್ಟು ಸಲ ಮಾಡಿದರೂ ಕಾಣುವುದಿಲ್ಲ. ಪಕ್ಕದಲ್ಲಿ ನಿಂತವರಿಗೆ ಮಾತ್ರ ಸ್ಪಷ್ಟವಾಗಿ ಕಾಣುತ್ತದೆ. ಇದೇ ಆಟವನ್ನು ಮೊಬೈಲಿನ ಸೆಲ್ಫಿ ಕ್ಯಾಮೆರಾದಲ್ಲಿ ಆಡಿ ನೋಡಿ. ಈಗ ನಿಮಗೂ ಕಾಣುತ್ತದೆ! ಮೊಬೈಲು ಚಿತ್ರವನ್ನು ಚೂರು ತಡವಾಗಿ ತೋರಿಸುತ್ತದಲ್ಲ, ಅಷ್ಟರಲ್ಲಿ ನಿಮ್ಮ ಕಣ್ಣು ಹೊರಳಿ ನಿಂತಾಗಿರುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ರೇಮಂಡ್ ಡಾಜ್ ಈ ಕನ್ನಡಿಯ ವಿಚಾರವನ್ನು 1900ರಲ್ಲೇ ಬರೆದಿದ್ದರು. ಪಾಪ, ಅವರ ಹತ್ತಿರ ಸೆಲ್ಫಿ ಇರಲಿಲ್ಲ.

ಕಣ್ಣಿನ ಈ ನೆಗೆತಕ್ಕೆ ಸ್ಯಾಕೇಡ್ ಅಂತ ಹೆಸರು. ಎಚ್ಚರವಿದ್ದಷ್ಟು ಹೊತ್ತೂ ಸೆಕೆಂಡಿಗೆ ಸುಮಾರು ಮೂರು ಸಲ ನಡೆಯುತ್ತಲೇ ಇರುತ್ತದೆ. ದೊಡ್ಡ ನೆಗೆತದಲ್ಲಿ ಕಣ್ಣು ತಿರುಗುವ ವೇಗ ಸೆಕೆಂಡಿಗೆ 500 ಡಿಗ್ರಿ ದಾಟಬಹುದು. ಅಷ್ಟು ಜೋರಾಗಿ ತಿರುಗಿದರೆ ಚಿತ್ರವೆಲ್ಲ ಕಲಸಿಹೋಗಬೇಕು. ಹೋಗುತ್ತದೆ ಕೂಡ. ಆದರೆ ಮಿದುಳು ಆ ಹೊತ್ತಿನಲ್ಲಿ ನೋಟವನ್ನು ಅದುಮಿಟ್ಟು, ಕಲಸಿದ ಭಾಗ ನಮ್ಮ ಅರಿವಿಗೆ ಬರದಂತೆ ನೋಡಿಕೊಳ್ಳುತ್ತದೆ. ಆ ತೆರಪನ್ನು ಹಿಂದಿನಿಂದ ಮುಚ್ಚಿಯೂ ಬಿಡುತ್ತದೆ. ಟಿಕ್ ಟಿಕ್ ಎನ್ನುವ ಗಡಿಯಾರದ ಕಡೆ ಥಟ್ಟನೆ ಕಣ್ಣು ಹಾಯಿಸಿದರೆ, ಸೆಕೆಂಡ್ ಮುಳ್ಳು ಒಂದು ಕ್ಷಣ ನಿಂತೇಹೋದಂತೆ ಕಾಣುತ್ತದೆ, ಅಲ್ವಾ? ನೆಗೆದ ಮೇಲೆ ಕಂಡದ್ದನ್ನೇ ಮಿದುಳು ನೆಗೆಯುವ ಮೊದಲಿನಿಂದಲೂ ಕಂಡ ಲೆಕ್ಕಕ್ಕೆ ಸೇರಿಸಿದೆ. ಅದಕ್ಕೇ ಆ ಸೆಕೆಂಡು ಉದ್ದ.

ಇಷ್ಟೆಲ್ಲ ನೆಗೆದಾಟ ಯಾಕೆ? ಅಕ್ಷಿಪಟಲದಲ್ಲಿ ನಿಚ್ಚಳವಾಗಿ ನೋಡಬಲ್ಲ ಜಾಗ ತೀರಾ ಚಿಕ್ಕದು. ಫೋವಿಯಾ ಎಂಬ ಆ ಪುಟ್ಟ ತಗ್ಗಿಗೆ ಸಿಗುವುದು, ಕೈ ಚಾಚಿ ಹಿಡಿದ ಹೆಬ್ಬೆರಳಿನ ಉಗುರಿನಷ್ಟು ನೋಟ ಮಾತ್ರ. ಉಳಿದದ್ದೆಲ್ಲ ಮಸುಕು. ನಂಬಿಕೆ ಬಾರದಿದ್ದರೆ ಈ ಸಾಲಿನ ಒಂದು ಪದದ ಮೇಲೆ ಕಣ್ಣು ನೆಟ್ಟು, ಕದಲಿಸದೆ, ನಾಲ್ಕು ಸಾಲು ಕೆಳಗಿರುವುದನ್ನು ಓದಲು ನೋಡಿ.

ಹಾಗಾಗಿ ಮುಂದೆ ಎಲ್ಲಿಗೆ ನೆಗೆಯಬೇಕು ಎಂಬುದೇ ದೊಡ್ಡ ಪ್ರಶ್ನೆ. ರಷ್ಯಾದ ವಿಜ್ಞಾನಿ ಆಲ್ಫ್ರೆಡ್ ಯಾರ್ಬಸ್ ಇದನ್ನು ಅಳೆದ ರೀತಿ ಕೇಳಿದರೆ ಮೈ ಜುಮ್ಮೆನ್ನುತ್ತದೆ. ಪುಟ್ಟ ಕನ್ನಡಿಯಿದ್ದ ಬಟ್ಟಲನ್ನು ಅವರು ನೇರ ಕಣ್ಣುಗುಡ್ಡೆಗೇ ಅಂಟಿಸುತ್ತಿದ್ದರು. ಹಾಗೆ ಅಂಟಿಸಿ, ಇಲ್ಯಾ ರೆಪಿನ್ ಬರೆದ ಒಂದು ಚಿತ್ರ ತೋರಿಸಿದರು. ಬಹುಕಾಲದ ಮೇಲೆ ಮನೆಗೆ ಮರಳಿದ ಗಂಡಸು, ಬೆರಗಾದ ಮನೆಮಂದಿ. ಇವರ ವಯಸ್ಸೆಷ್ಟು ಎಂದು ಕೇಳಿದಾಗ ಕಣ್ಣು ಮುಖದಿಂದ ಮುಖಕ್ಕೆ ಹಾರಿತು. ಇವರು ಎಷ್ಟು ಅನುಕೂಲಸ್ಥರು ಎಂದಾಗ ಬಟ್ಟೆ, ಮೇಜು, ಕುರ್ಚಿಗಳ ಮೇಲೆ ಓಡಾಡಿತು. ಚಿತ್ರ ಅದೇ, ನೋಡುವವನೂ ಅವನೇ. ಕಣ್ಣಿನ ದಾರಿ ಮಾತ್ರ ಬೇರೆ.

ಕಣ್ಣು ಯಾವಾಗಲೂ ನೆಗೆಯುತ್ತದೆ ಅಂತೇನಿಲ್ಲ. ಹಾರುವ ಹಕ್ಕಿಯ ಹಿಂದೆ ಅದು ನಯವಾಗಿ ಜಾರುತ್ತದೆ. ಹಕ್ಕಿ ಇಲ್ಲದೆ ಸುಮ್ನೆ ಹಾಗೆ ಜಾರಿಸಿ ಅಂದರೆ ಹೆಚ್ಚಿನವರಿಗೆ ಆಗುವುದಿಲ್ಲ, ಕಣ್ಣು ಮತ್ತೆ ನೆಗೆಯಲು ಶುರು ಮಾಡುತ್ತದೆ. ಇನ್ನೊಂದು ಆಟ ಇದೆ. ಮೊಬೈಲು ಹಿಡಿದು, ತಲೆಯನ್ನು ಬೇಗಬೇಗ ಎಡಬಲಕ್ಕೆ ಅಲ್ಲಾಡಿಸುತ್ತಾ ಓದಿ. ಓದಲು ಬರುತ್ತದೆ. ಈಗ ತಲೆ ನಿಲ್ಲಿಸಿ ಮೊಬೈಲನ್ನು ಅಷ್ಟೇ ಬೇಗ ಅಲ್ಲಾಡಿಸಿ. ಅಕ್ಷರ ಮಾಯ! ತಲೆ ತಿರುಗಿದ ಸುದ್ದಿಯನ್ನು ಒಳಗಿವಿ ಸುಮಾರು 10 ಮಿಲಿಸೆಕೆಂಡಿನಲ್ಲಿ ಕಣ್ಣಿನ ಸ್ನಾಯುಗಳಿಗೆ ಮುಟ್ಟಿಸುತ್ತದೆ. ಕಣ್ಣೇ ನೋಡಿ ತಿಳಿದು ತಿರುಗಬೇಕೆಂದರೆ ಅದರ ಹತ್ತು ಪಟ್ಟು ಹೊತ್ತು ಬೇಕು.

ತಿರುಗುವುದರಲ್ಲಿ ಇಷ್ಟು ಚುರುಕಾದ ಕಣ್ಣು ಫೋಕಸ್ ಮಾಡುವುದರಲ್ಲಿ ನಿಧಾನ. ಹತ್ತಿರದ್ದನ್ನು ನೋಡುವಾಗ ಎರಡೂ ಕಣ್ಣು ಮೂಗಿನ ಕಡೆ ವಾಲುತ್ತವೆ, ಪಾಪೆ ಕಿರಿದಾಗುತ್ತದೆ. ಮಸೂರದ ಸುತ್ತ ಇರುವ ಸ್ನಾಯು ಬಿಗಿಯಾದಾಗ, ಮಸೂರವನ್ನು ಎಳೆದು ಹಿಡಿದ ಎಳೆಗಳು ಸಡಿಲವಾಗಿ ಅದು ಉಬ್ಬುತ್ತದೆ. ಇದಕ್ಕೆ ಒಂದು ಸೆಕೆಂಡಿನಷ್ಟು ಹಿಡಿಯುತ್ತದೆ. ವಯಸ್ಸಾದಂತೆ ಮಸೂರ ಗಟ್ಟಿಯಾಗುತ್ತಾ, ಸ್ನಾಯು ಬಿಗಿಯಾದರೂ ಉಬ್ಬದಂತಾಗುತ್ತದೆ. ನಲವತ್ತರ ಆಸುಪಾಸಿನಲ್ಲಿ ಚಾಳೀಸು ಬರುವುದು ಹೀಗೆ. ಕಣ್ಣಿನ ವ್ಯಾಯಾಮ ಮಾಡಿ ಚಾಳೀಸು ಬಿಡಿಸಿಕೊಳ್ಳಿ ಎನ್ನುವ ವಿಡಿಯೊಗಳು ಬೇಕಾದಷ್ಟಿವೆ. ವ್ಯಾಯಾಮದಿಂದ ಗಟ್ಟಿಯಾದ ಮಸೂರ ಮೆತ್ತಗಾಗುವುದಿಲ್ಲ. ಕನ್ನಡಕ ಹಾಕಿಕೊಳ್ಳುವುದೇ ವಾಸಿ.