ಸೀಟಿ ಊದುವ ಆ ಅರೆಕ್ಷಣ

ಬಾಸ್ಕೆಟ್‌ಬಾಲ್ ಆಟವನ್ನು ಹತ್ತಿರದಿಂದ ನೋಡಿದ್ದೀರಾ? ಬುಟ್ಟಿಯ ಕೆಳಗೆ ಇಬ್ಬರು ಆಜಾನುಬಾಹುಗಳು ಒಟ್ಟಿಗೆ ಹಾರುತ್ತಾರೆ. ಒಬ್ಬನ ಮೊಣಕೈ ಇನ್ನೊಬ್ಬನ ಪಕ್ಕೆಗೆ ತಾಗುತ್ತದೆ. ಅಥವಾ ತಾಗಿದ ಹಾಗೆ ಕಾಣುತ್ತದೆ. ಅಷ್ಟರಲ್ಲಿ ಸೀಟಿ. ತಪ್ಪು ಯಾರದು ಅಂತ ರೆಫ್ರಿ ಅರೆಕ್ಷಣದಲ್ಲಿ ಹೇಳಬೇಕು. ಯೋಚಿಸಿ ಹೇಳ್ತೀನಿ, ನಾಳೆ ಬನ್ನಿ ಅನ್ನುವ ಹಾಗಿಲ್ಲ.

ಆ ಅರೆಕ್ಷಣದಲ್ಲಿ ರೆಫ್ರಿಯ ಕಣ್ಣಿಗೆ ಆಟಗಾರನ ಮೈಬಣ್ಣವೂ ಬೀಳುತ್ತದೆಯೇ? ಅವರನ್ನೇ ಕೇಳಿ ಪ್ರಯೋಜನವಿಲ್ಲ. ‘ಹೌದು ಸ್ವಾಮಿ, ನಾನು ಬಣ್ಣ ನೋಡಿ ಸೀಟಿ ಊದುತ್ತೇನೆ’ ಅಂತ ಯಾರು ಹೇಳುತ್ತಾರೆ? ಸುಳ್ಳು ಹೇಳುತ್ತಾರೆ ಅಂತಲ್ಲ. ಅವರಿಗೇ ಅದು ಗೊತ್ತಿರುವುದಿಲ್ಲ.

ಜೋಸೆಫ್ ಪ್ರೈಸ್ ಮತ್ತು ಜಸ್ಟಿನ್ ವುಲ್ಫರ್ಸ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ರೆಫ್ರಿಗಳನ್ನು ಕೇಳುವ ಬದಲು ಸ್ಕೋರ್ ಪಟ್ಟಿಗಳನ್ನು ಕೇಳಿದರು. ಅಮೆರಿಕದ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ 13 ವರ್ಷಗಳ ಲೆಕ್ಕ, 1991ರ ಋತುವಿನಿಂದ 2004ರವರೆಗೆ. ಆ ಲೀಗಿನಲ್ಲಿ ಆಗ ಆಟಗಾರರು ಬಹುಪಾಲು ಕಪ್ಪು ವರ್ಣದವರು, ರೆಫ್ರಿಗಳು ಬಹುಪಾಲು ಬಿಳಿಯರು. ಒಂದು ಪಂದ್ಯಕ್ಕೆ ಮೂವರು ರೆಫ್ರಿಗಳು. ಯಾವ ಮೂವರು ಯಾವ ಊರಿಗೆ ಹೋಗಬೇಕು ಅನ್ನುವುದಕ್ಕೂ, ಅಲ್ಲಿ ಆಡುವವರ ಬಣ್ಣಕ್ಕೂ ಸಂಬಂಧವಿಲ್ಲ. ಸಂಶೋಧಕರಿಗೆ ಬೇಕಾಗಿದ್ದು ಇದೇ. ಯಾರೂ ಏರ್ಪಡಿಸದ ಒಂದು ಪ್ರಯೋಗ ವರ್ಷಗಟ್ಟಲೆ ತನ್ನಷ್ಟಕ್ಕೆ ನಡೆದುಬಿಟ್ಟಿತ್ತು.

ಒಂದು ಮಾತು ಗಮನಿಸಿ. ಯಾವ ಬಣ್ಣದವರು ಜಾಸ್ತಿ ಫೌಲ್ ಮಾಡುತ್ತಾರೆ ಅನ್ನುವುದು ಇಲ್ಲಿನ ಪ್ರಶ್ನೆಯೇ ಅಲ್ಲ. ಒಬ್ಬನೇ ಆಟಗಾರನನ್ನು ತೆಗೆದುಕೊಳ್ಳಿ. ಇವತ್ತು ಮೂವರೂ ಬಿಳಿಯ ರೆಫ್ರಿಗಳು, ಇನ್ನೊಂದು ದಿನ ಮೂವರೂ ಕಪ್ಪು ರೆಫ್ರಿಗಳು. ಅವನ ಹೆಸರಿಗೆ ಬೀಳುವ ಫೌಲ್ ಬದಲಾಗುತ್ತದೆಯೇ? ಬದಲಾಗುತ್ತಿತ್ತು. ರೆಫ್ರಿಗಳು ತನ್ನದೇ ಬಣ್ಣದವರಾಗಿದ್ದರೆ ಆಟಗಾರನಿಗೆ ಶೇ. 4ರವರೆಗೆ ಕಡಿಮೆ ಫೌಲ್. ಕಪ್ಪು, ಬಿಳಿ ಯಾರನ್ನು ಯಾವ ಗುಂಪಿಗೆ ಸೇರಿಸಬೇಕು ಅಂತ ತೀರ್ಮಾನಿಸಿದ್ದು ಹೇಗೆ? ಫೋಟೋ ನೋಡಿ! ನಗು ಬರಬಹುದು, ಆದರೆ ಅದೇ ಸರಿಯಾದ ದಾರಿ. ರೆಫ್ರಿ ನೋಡುವುದೂ ಮುಖವನ್ನೇ, ಡಿಎನ್‌ಎಯನ್ನಲ್ಲ.

ಶೇ. 4 ಅಂದರೆ 25 ಫೌಲ್‌ಗೆ ಒಂದು. ಆಟಗಾರನಿಗೂ ತಿಳಿಯುವುದಿಲ್ಲ, ರೆಫ್ರಿಗೂ ತಿಳಿಯುವುದಿಲ್ಲ, ಗ್ಯಾಲರಿಯಲ್ಲಿ ಕೂತವರಿಗಂತೂ ಇಲ್ಲವೇ ಇಲ್ಲ. ಆದರೆ ಎನ್‌ಬಿಎಯಲ್ಲಿ ಆರು ಫೌಲ್ ಆದರೆ ಆಟಗಾರ ಹೊರಗೆ. ಐದಾದವನು ಹೆದರಿ ಹೆದರಿ ಆಡುತ್ತಾನೆ. ಸಣ್ಣ ವ್ಯತ್ಯಾಸಗಳು ಹೀಗೆ ಕೂಡುತ್ತಾ ಹೋಗಿ ಕೆಲವು ಪಂದ್ಯಗಳ ಫಲಿತಾಂಶವನ್ನೇ ತಿರುಗಿಸಿರಬೇಕು ಎಂದು ಅವರ ಲೆಕ್ಕ ಹೇಳಿತು.

2007ರ ಮೇ ತಿಂಗಳಲ್ಲಿ ಈ ಸುದ್ದಿ ನ್ಯೂಯಾರ್ಕ್ ಟೈಮ್ಸ್‌ನ ಮುಖಪುಟಕ್ಕೆ ಬಂತು. ಗಲಾಟೆಯೋ ಗಲಾಟೆ. ಲೀಗಿನ ಮುಖ್ಯಸ್ಥ ಡೇವಿಡ್ ಸ್ಟರ್ನ್ ಒಪ್ಪಲಿಲ್ಲ. ನಮ್ಮದೇ ಅಧ್ಯಯನದಲ್ಲಿ ಅಂಥದ್ದೇನೂ ಕಂಡಿಲ್ಲ ಅಂದರು. ಇಲ್ಲಿಗೇ ಮುಗಿದಿದ್ದರೆ ಇದು ಹತ್ತರಲ್ಲಿ ಹನ್ನೊಂದನೆಯ ವಿವಾದ ಆಗುತ್ತಿತ್ತು, ಅಷ್ಟೇ. ಕೆಲವು ವರ್ಷ ಬಿಟ್ಟು ಪ್ರೈಸ್, ವುಲ್ಫರ್ಸ್ ಇಬ್ಬರೂ ಡೆವಿನ್ ಪೋಪ್ ಎಂಬ ಇನ್ನೊಬ್ಬರ ಜೊತೆ ಸೇರಿ ಮತ್ತೆ ಲೆಕ್ಕ ತೆಗೆದರು. ಸುದ್ದಿ ಬರುವುದಕ್ಕೆ ಮುಂಚಿನ ಮೂರು ವರ್ಷಗಳಲ್ಲಿ ಆ ವ್ಯತ್ಯಾಸ ಹಾಗೇ ಇತ್ತು. ಸುದ್ದಿ ಬಂದ ಮೇಲಿನ ಮೂರು ವರ್ಷಗಳಲ್ಲಿ? ಮಾಯ. ಲೀಗ್ ರೆಫ್ರಿಗಳಿಗೆ ತರಬೇತಿ ಕೊಟ್ಟಿತ್ತೇ? ಇಲ್ಲ. ದಂಡ ಹಾಕಿತ್ತೇ? ಅದೂ ಇಲ್ಲ. ಈ ಬಗ್ಗೆ ವಿಶೇಷವಾಗಿ ಏನನ್ನೂ ಮಾಡಿರಲಿಲ್ಲ. ಪೇಪರಿನಲ್ಲಿ ಬಂದಿತ್ತು, ಅಷ್ಟೇ. ನನಗೆ ಇಡೀ ಕಥೆಯಲ್ಲಿ ಅತಿ ಇಷ್ಟವಾದ ಭಾಗ ಇದು. ಯಾರೋ ಲೆಕ್ಕ ಇಡುತ್ತಿದ್ದಾರೆ ಅಂತ ಗೊತ್ತಾದ ಕೂಡಲೇ ಕಣ್ಣು ತನ್ನನ್ನು ತಾನೇ ತಿದ್ದಿಕೊಂಡಿತ್ತು.

ಬೇಸ್‌ಬಾಲ್‌ನಲ್ಲೂ ಹೀಗೇ ಆಯಿತು. ಅಲ್ಲಿ ಪಿಚರ್ ಎಸೆದ ಚೆಂಡು ಸರಿಯಾದ ಜಾಗದಲ್ಲಿ ಹೋಯಿತೇ ಇಲ್ಲವೇ ಅಂತ ಅಂಪೈರ್ ಹೇಳಬೇಕು. ಲಕ್ಷಗಟ್ಟಲೆ ಎಸೆತಗಳನ್ನು ಜಾಲಾಡಿದಾಗ, ಅಂಪೈರ್‌ಗಳು ತಮ್ಮದೇ ಜನಾಂಗದ ಪಿಚರ್ ಕಡೆಗೆ ಒಂದು ಚೂರು ವಾಲುತ್ತಿದ್ದರು ಎಂದು 2011ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಆದರೆ ಕೆಲವು ಮೈದಾನಗಳಲ್ಲಿ ಅಂಪೈರ್ ತೀರ್ಪನ್ನು ತಾಳೆ ನೋಡುವ ಕ್ಯಾಮೆರಾ ಇತ್ತು. ಅಲ್ಲಿ ಈ ವಾಲುವಿಕೆ ಕಾಣಲಿಲ್ಲ. ಜನ ಕಿಕ್ಕಿರಿದ ಪಂದ್ಯಗಳಲ್ಲೂ ಕಾಣಲಿಲ್ಲ. ಖಾಲಿ ಖಾಲಿ ಮೈದಾನದಲ್ಲಿ, ಅಷ್ಟೇನೂ ಮುಖ್ಯವಲ್ಲದ ಎಸೆತಕ್ಕೆ ಮಾತ್ರ ಅದು ತಲೆ ಎತ್ತುತ್ತಿತ್ತು.

ಕ್ರಿಕೆಟ್ ನೋಡುವ ನಮಗೆ ಇದು ಹೊಸದೇನಲ್ಲ, ಅಲ್ವಾ? ಎಲ್‌ಬಿಡಬ್ಲ್ಯು ವಿಷಯಕ್ಕೆ ಜಗಳ ಆಡದ ಟೀ ಅಂಗಡಿ ಇದೆಯೇ? ಟೆಸ್ಟ್‌ಗೆ ಒಬ್ಬ ತಟಸ್ಥ ಅಂಪೈರ್ ಕಡ್ಡಾಯವಾದದ್ದು 1994ರಲ್ಲಿ, ಇಬ್ಬರೂ ಹೊರದೇಶದವರೇ ಆದದ್ದು 2002ರಲ್ಲಿ. 1986ರಿಂದ 2012ರವರೆಗಿನ ಸಾವಿರ ಟೆಸ್ಟ್‌ಗಳನ್ನು ಲೆಕ್ಕ ಹಾಕಿದವರಿಗೆ ಕಂಡದ್ದು: ಇಬ್ಬರೂ ಮನೆಯಂಗಳದ ಅಂಪೈರ್‌ಗಳಾಗಿದ್ದ ಕಾಲದಲ್ಲಿ ಹೊರಗಿನಿಂದ ಬಂದ ತಂಡಕ್ಕೆ ಎಲ್‌ಬಿಡಬ್ಲ್ಯು ಜಾಸ್ತಿ. ಇಬ್ಬರೂ ತಟಸ್ಥರಾದ ಮೇಲೆ ಆತಿಥೇಯ ತಂಡಕ್ಕೆ ಆ ಲಾಭ ಇಲ್ಲ. ಇಲ್ಲಿರುವುದು ದೇಶ, ಬಣ್ಣವಲ್ಲ. ಆದರೆ ‘ನಮ್ಮವನು’ ಅನ್ನುವ ಭಾವ ಕೆಲಸ ಮಾಡುವ ರೀತಿ ಒಂದೇ.

ಸರಿ, ಅಂಪೈರ್‌ಗಳನ್ನು ಬೈದದ್ದಾಯಿತು. ನೋಡುವ ನಮ್ಮ ಕಥೆ ಏನು?

1951ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ ಮತ್ತು ಡಾರ್ಟ್‌ಮತ್ ಕಾಲೇಜುಗಳ ನಡುವೆ ಒಂದು ಫುಟ್‌ಬಾಲ್ ಪಂದ್ಯ ನಡೆಯಿತು, ಅವರ ಥರದ ಫುಟ್‌ಬಾಲ್. ಭಾರಿ ಒರಟು ಆಟ. ಒಬ್ಬನ ಮೂಗು ಮುರಿಯಿತು, ಎದುರು ತಂಡದವನೊಬ್ಬನ ಕಾಲು ಮುರಿಯಿತು. ಆಮೇಲೆ ಇಬ್ಬರು ಮನಶ್ಶಾಸ್ತ್ರಜ್ಞರು ಎರಡೂ ಕಾಲೇಜಿನ ವಿದ್ಯಾರ್ಥಿಗಳಿಗೆ ಅದೇ ಪಂದ್ಯದ ಫಿಲ್ಮ್ ತೋರಿಸಿ, ತಪ್ಪುಗಳನ್ನು ಎಣಿಸಿ ಅಂದರು. ಡಾರ್ಟ್‌ಮತ್ ತಂಡ ಮಾಡಿದ ತಪ್ಪುಗಳು ಪ್ರಿನ್ಸ್‌ಟನ್‌ನವರ ಕಣ್ಣಿಗೆ ಸರಾಸರಿ 9.8. ಡಾರ್ಟ್‌ಮತ್‌ನವರ ಕಣ್ಣಿಗೆ 4.3. ಫಿಲ್ಮ್ ಒಂದೇ, ರೀಲು ಒಂದೇ. ಇದರಲ್ಲಿ ಬಣ್ಣದ ಮಾತೇ ಇಲ್ಲ. ಬರೀ ಕಾಲೇಜಿನ ಹೆಸರಿಗೇ ಇಷ್ಟು!

ಅದಕ್ಕೆ ಬಣ್ಣವೂ ಸೇರಿದರೆ ಏನಾಗುತ್ತದೆ ಅನ್ನುವುದು ಇಟಲಿಯ ಫುಟ್‌ಬಾಲ್ ಮೈದಾನಗಳಲ್ಲಿ ಎಲ್ಲರಿಗೂ ಕೇಳಿಸುತ್ತದೆ. 2018ರ ಡಿಸೆಂಬರ್ 26ರಂದು ಮಿಲಾನ್‌ನಲ್ಲಿ ನಾಪೋಲಿ ತಂಡದ ಕಪ್ಪು ಆಟಗಾರ ಕಾಲಿದು ಕೂಲಿಬಾಲಿಗೆ ಗ್ಯಾಲರಿಯಿಂದ ಕೋತಿಯ ಕೂಗು. ಪಂದ್ಯದ ಕೊನೆಗೆ ಅವರು ಹಳದಿ ಕಾರ್ಡ್ ಪಡೆದರು, ರೆಫ್ರಿಗೆ ವ್ಯಂಗ್ಯವಾಗಿ ಚಪ್ಪಾಳೆ ತಟ್ಟಿದರು, ಅದಕ್ಕೆ ಕೆಂಪು ಕಾರ್ಡ್ ಬಿದ್ದು ಹೊರಗೆ ನಡೆದರು. ಇಂಥ ಕೂಗು ಆಟವನ್ನು ಕೆಡಿಸುತ್ತದೆಯೇ ಅಂತ ಅಳೆಯುವುದು ಹೇಗೆ? ಪ್ರೇಕ್ಷಕರನ್ನು ಹೊರಗೆ ಕಳಿಸಿ ನೋಡಬೇಕು. ಯಾರು ಬಿಡುತ್ತಾರೆ?

ಕೋವಿಡ್ ಬಿಟ್ಟಿತು. 2020ರ ಮಾರ್ಚ್‌ನಲ್ಲಿ ನಿಂತ ಇಟಲಿಯ ಲೀಗ್ ಜೂನ್‌ನಲ್ಲಿ ಖಾಲಿ ಮೈದಾನದಲ್ಲಿ ಶುರುವಾಯಿತು. ಅದೇ ಋತು, ಅದೇ ತಂಡಗಳು, ಅದೇ ಆಟಗಾರರು. ಇಲ್ಲದ್ದು ಜನ ಮಾತ್ರ. ಪ್ರತಿ ಆಟಗಾರನ ಆಟಕ್ಕೆ ಕಂಪ್ಯೂಟರ್ ಕೊಡುವ ಅಂಕಗಳನ್ನು ಹೋಲಿಸಿದಾಗ, ಆಫ್ರಿಕಾ ಮೂಲದ ಆಟಗಾರರ ಆಟ ಸುಮಾರು ಶೇ. 3ರಷ್ಟು ಸುಧಾರಿಸಿತ್ತು. ಉಳಿದವರಲ್ಲಿ ಆ ಏರಿಕೆ ಇರಲಿಲ್ಲ. ವರ್ಷಗಟ್ಟಲೆ ಬೆನ್ನ ಮೇಲೆ ಹೊತ್ತಿದ್ದ ಮೂಟೆಯ ತೂಕ, ಅದನ್ನು ಇಳಿಸಿದ ದಿನ ಗೊತ್ತಾಯಿತು.

ಸರಾಸರಿ ಒಬ್ಬೊಬ್ಬರ ಕಥೆ ಹೇಳುವುದಿಲ್ಲ, ನಿಜ. 2021ರ ಜನವರಿಯಲ್ಲಿ ಸಿಡ್ನಿ ಮೈದಾನದ ಗೆರೆಯ ಬಳಿ ನಿಂತಿದ್ದ ನಮ್ಮ ಆರ್‌ಸಿಬಿಯ ಸಿರಾಜ್ (ಆಗ ಅವರು ನಮ್ಮವರೇ) ಪ್ರೇಕ್ಷಕರ ಬಾಯಲ್ಲಿ ಜನಾಂಗೀಯ ಬೈಗುಳ ಕೇಳಬೇಕಾಯಿತು. ಆಟ ನಿಂತಿತು. ಮುಂದಿನ ಬ್ರಿಸ್ಬೇನ್ ಟೆಸ್ಟ್‌ನ ಎರಡನೇ ಇನಿಂಗ್ಸ್‌ನಲ್ಲಿ ಅವರು 5 ವಿಕೆಟ್ ಕಿತ್ತರು. ಆದರೆ ಬೈಸಿಕೊಂಡವರೆಲ್ಲ ಹೀಗೇ ಮೇಲೇಳಲಿ ಅಂತ ಬಯಸುವುದು ನಮ್ಮ ಅನುಕೂಲದ ಆಸೆ.

ಬೈಗುಳ ಗುರುತಿಸುವುದು ಸುಲಭ. ಹೊಗಳಿಕೆ ಕಷ್ಟ. 2020ರಲ್ಲಿ ಯುರೋಪಿನ ನಾಲ್ಕು ದೊಡ್ಡ ಫುಟ್‌ಬಾಲ್ ಲೀಗ್‌ಗಳ 80 ಪಂದ್ಯಗಳ ಇಂಗ್ಲಿಷ್ ಕಾಮೆಂಟರಿಯನ್ನು ಒಂದು ಅಧ್ಯಯನ ಕೂತು ಕೇಳಿತು. ಆಟಗಾರನ ಬಲದ ಬಗ್ಗೆ ಮಾತು ಬಂದರೆ ಅದು ಕಪ್ಪು ಮೈಬಣ್ಣದವನ ಬಗ್ಗೆ ಆಗಿರುವ ಸಾಧ್ಯತೆ 6 ಪಟ್ಟಿಗೂ ಜಾಸ್ತಿ. ಬುದ್ಧಿಯ ಹೊಗಳಿಕೆಯಲ್ಲಿ ಶೇ. 62ಕ್ಕೂ ಹೆಚ್ಚು ತಿಳಿಬಣ್ಣದವರ ಪಾಲಿಗೆ. ಒಬ್ಬನದು ತಲೆ, ಇನ್ನೊಬ್ಬನದು ಮೈ. ಕಾಮೆಂಟರಿ ಹೇಳುವವರಿಗೆ ಕೆಟ್ಟ ಮನಸ್ಸೇನೂ ಇರಲಿಕ್ಕಿಲ್ಲ.

ನಮ್ಮ ಸರ್ಕಾರಕ್ಕೂ ಇರಲಿಲ್ಲ. 1987ರ ಹೊತ್ತಿಗೆ ಭಾರತೀಯ ಕ್ರೀಡಾ ಪ್ರಾಧಿಕಾರ ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳದ ಕಾಡಂಚಿನ ಸಿದ್ದಿ ಮಕ್ಕಳನ್ನು ಹುಡುಕಿಕೊಂಡು ಬಂತು. ಸಿದ್ದಿಗಳ ಹಿರಿಯರು ಆಫ್ರಿಕಾದಿಂದ ಬಂದವರು, ಆಫ್ರಿಕಾದವರು ಓಟದಲ್ಲಿ ಗೆಲ್ಲುತ್ತಾರೆ, ಆದ್ದರಿಂದ ಇವರೂ ಗೆಲ್ಲಬೇಕು. ಇಷ್ಟೇ ತರ್ಕ. ಕೆಲವು ಮಕ್ಕಳು ರಾಷ್ಟ್ರಮಟ್ಟದಲ್ಲಿ ಪದಕವನ್ನೂ ಗೆದ್ದರು. ಕೆಲವೇ ವರ್ಷಗಳಲ್ಲಿ ಯೋಜನೆ ನಿಂತುಹೋಯಿತು, ಮಕ್ಕಳು ಊರಿಗೆ ಮರಳಿದರು. ಅವರಿಗೆ ಬೇಕಾಗಿದ್ದುದು ಪೂರ್ವಜರ ಭೂಪಟವಲ್ಲ. ಹತ್ತು ವರ್ಷ ಬಿಡದೆ ನಡೆಯುವ ತರಬೇತಿ, ಊಟ, ಆಟ ಮುಗಿದ ಮೇಲೊಂದು ಕೆಲಸ. ವಂಶವಾಹಿ ತಜ್ಞರು ಹೇಳುವ ಪ್ರಕಾರ, ಮನುಷ್ಯರ ನಡುವಿನ ವೈವಿಧ್ಯ ಅತಿ ಹೆಚ್ಚು ಇರುವುದು ಆಫ್ರಿಕಾದೊಳಗೇ. ಅಲ್ಲಿನ ಒಂದು ಮೂಲೆಯವರು ಮ್ಯಾರಥಾನ್ ಗೆದ್ದರೆಂದು ಇನ್ನೊಂದು ಮೂಲೆಯವರ ಮೊಮ್ಮಕ್ಕಳ ಕಾಲಿಗೆ ಚಕ್ರ ಕಟ್ಟಿರುವುದಿಲ್ಲ.

ಇನ್ನು ಅಭಿಮಾನದ ಮಾತು. 2017ರ ಜೂನ್‌ನಲ್ಲಿ ಈಜಿಪ್ಟಿನ ಮೊಹಮದ್ ಸಲಾಹ್ ಇಂಗ್ಲೆಂಡಿನ ಲಿವರ್‌ಪೂಲ್ ಸೇರಿದರು. ಮೊದಲ ಋತುವಿನಲ್ಲೇ ಲೀಗ್‌ನಲ್ಲಿ 32 ಗೋಲು. ಗೋಲು ಹೊಡೆದು ಮೈದಾನದಲ್ಲೇ ನೆಲಕ್ಕೆ ಹಣೆ ಮುಟ್ಟಿಸಿ ಸಜ್ದಾ ಮಾಡುವವರು, ಮುಸ್ಲಿಂ ಅನ್ನುವುದನ್ನು ಮುಚ್ಚಿಟ್ಟವರಲ್ಲ. ಇವನು ಹೀಗೇ ಗೋಲು ಹೊಡೆಯುತ್ತಿದ್ದರೆ ನಾವೂ ಮಸೀದಿಗೆ ಬರುತ್ತೇವೆ ಅನ್ನುವ ಅರ್ಥ ಬರುವಂತೆ ಅಭಿಮಾನಿಗಳು ಹಾಡು ಕಟ್ಟಿ ಕುಣಿದರು. ಇದು ಸುಮ್ನೆ ಹಾಡೋ, ಏನಾದರೂ ನಿಜಕ್ಕೂ ಬದಲಾಯಿತೋ? ಸ್ಟ್ಯಾನ್‌ಫರ್ಡ್‌ನ ಸಂಶೋಧಕರು ಪೊಲೀಸ್ ದಾಖಲೆ ತೆಗೆದರು. ಇಂಗ್ಲೆಂಡಿನ ಬೇರೆ ಪ್ರದೇಶಗಳ ಅಂಕಿಗಳನ್ನು ತಕ್ಕ ಪ್ರಮಾಣದಲ್ಲಿ ಬೆರೆಸಿ, ಸಲಾಹ್ ಬಾರದೇ ಇದ್ದಿದ್ದರೆ ಲಿವರ್‌ಪೂಲ್ ಇರುವ ಮರ್ಸಿಸೈಡ್ ಹೇಗಿರುತ್ತಿತ್ತು ಎಂಬ ಒಂದು ಕಾಗದದ ಜಿಲ್ಲೆ ಕಟ್ಟಿದರು. ನಿಜವಾದ ಮರ್ಸಿಸೈಡ್‌ನಲ್ಲಿ ದ್ವೇಷದ ಅಪರಾಧಗಳು ಆ ಕಾಗದದ ಜಿಲ್ಲೆಗಿಂತ ಶೇ. 16ರಷ್ಟು ಕಡಿಮೆ. ಲಿವರ್‌ಪೂಲ್ ಅಭಿಮಾನಿಗಳ ಟ್ವೀಟ್‌ಗಳಲ್ಲಿ ಮುಸ್ಲಿಂ ವಿರೋಧಿ ಮಾತು ಹತ್ತಿರ ಹತ್ತಿರ ಅರ್ಧಕ್ಕೆ ಇಳಿದಿತ್ತು.

ಖುಷಿಯ ಸುದ್ದಿಯೇ. ಆದರೆ ಸಲಾಹ್ ಗೋಲು ಹೊಡೆಯುತ್ತಿದ್ದರು. 2021ರ ಜುಲೈ 11ರಂದು ಯುರೋ ಫೈನಲ್‌ನಲ್ಲಿ ಇಂಗ್ಲೆಂಡಿನ ರಾಶ್‌ಫರ್ಡ್, ಸಾಂಚೊ, ಸಾಕಾ ಪೆನಾಲ್ಟಿ ಒದ್ದು ಗೋಲು ಹೊಡೆಯಲಾಗದೆ ಹೋದರು. ಮೂವರೂ ಕಪ್ಪು ಹುಡುಗರು. ಅಂದು ರಾತ್ರಿಯೇ ಅವರ ಫೋನಿಗೆ ಬಂದದ್ದನ್ನು ಇಲ್ಲಿ ಬರೆಯಲಾಗದು. ಅದೇ ಅಕ್ಟೋಬರ್‌ನಲ್ಲಿ ಪಾಕಿಸ್ತಾನದ ಎದುರು ಸೋತಾಗ ಶಮಿಯ ಗತಿ ನೆನಪಿದೆಯಲ್ಲ? ಹನ್ನೊಂದು ಜನ ಸೋತಿದ್ದರು, ಧರ್ಮ ಹಿಡಿದು ಬೈಸಿಕೊಂಡವರು ಒಬ್ಬರು.

ಇನ್ನೂ ಒಂದು ಪ್ರಯೋಗ ಇದೆ. ಸಲಾಹ್ ಅಧ್ಯಯನದ ತಂಡದಲ್ಲೇ ಇದ್ದ ಸಲ್ಮಾ ಮೂಸಾ ಇರಾಕ್‌ನಲ್ಲಿ ಒಂದು ಫುಟ್‌ಬಾಲ್ ಲೀಗ್ ನಡೆಸಿದರು. ಐಸಿಸ್ ದಾಳಿಗೆ ಮನೆ ಬಿಟ್ಟು ಓಡಿಬಂದಿದ್ದ ಕ್ರೈಸ್ತರ ತಂಡಗಳು. ಚೀಟಿ ಎತ್ತಿದ ಹಾಗೆ ಕೆಲವು ತಂಡಗಳಿಗೆ ಮುಸ್ಲಿಂ ಆಟಗಾರರನ್ನು ಸೇರಿಸಿದರು, ಕೆಲವಕ್ಕೆ ಇಲ್ಲ. ಜೊತೆಗೆ ಆಡಿದವರು ಆರು ತಿಂಗಳಾದ ಮೇಲೂ ಮುಸ್ಲಿಮರ ಜೊತೆ ಅಭ್ಯಾಸ ಮಾಡುತ್ತಿದ್ದರು, ಮುಂದಿನ ಸಲವೂ ಅಂಥ ತಂಡವೇ ಬೇಕೆಂದರು. ಆದರೆ ಮುಸ್ಲಿಮರೇ ಹೆಚ್ಚಾಗಿರುವ ಮೊಸುಲ್ ನಗರದ ಹೋಟೆಲಿಗೆ ಊಟದ ಕೂಪನ್ ಕೊಟ್ಟು, ಹೋಗಿಬನ್ನಿ ಅಂದಾಗ? ಜೊತೆಗೆ ಆಡಿದವರಿಗೂ ಆಡದವರಿಗೂ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಗೆರೆಯೊಳಗಿನ ಸ್ನೇಹ ಗೆರೆ ದಾಟಲಿಲ್ಲ. 2020ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಬೆಂಗಳೂರು.

2016ರ ಜನವರಿ 31ರ ರಾತ್ರಿ. ಹೆಸರಘಟ್ಟ ರಸ್ತೆಯ ಕಡೆ ಸುಡಾನ್‌ನ ಒಬ್ಬನ ಕಾರು ಗುದ್ದಿ ಸ್ಥಳೀಯ ಮಹಿಳೆಯೊಬ್ಬರು ತೀರಿಕೊಂಡರು. ಸ್ವಲ್ಪ ಹೊತ್ತಿಗೆ ಅದೇ ದಾರಿಯಲ್ಲಿ ಬೇರೆ ಕಾರಿನಲ್ಲಿ ತಾಂಜಾನಿಯಾದ ಒಬ್ಬ ವಿದ್ಯಾರ್ಥಿನಿ ಬಂದಳು. ಅಪಘಾತಕ್ಕೂ ಅವಳಿಗೂ ಸಂಬಂಧವಿಲ್ಲ. ದೇಶ ಬೇರೆ, ಕಾರು ಬೇರೆ. ಗುಂಪು ಅವಳನ್ನು ಹೊರಗೆಳೆದು ಹೊಡೆಯಿತು, ಕಾರಿಗೆ ಬೆಂಕಿ ಇಟ್ಟಿತು.

ಅದಾಗಿ ನಾಲ್ಕು ತಿಂಗಳಿಗೆ, ಮೇ 29ರಂದು, ಚಿನ್ನಸ್ವಾಮಿ ಮೈದಾನದಲ್ಲಿ ಐಪಿಎಲ್ ಫೈನಲ್. ಜಮೈಕಾದ ಕ್ರಿಸ್ ಗೇಲ್ 38 ಎಸೆತಕ್ಕೆ 76 ಹೊಡೆದರು. ನಾನು ಮನೆಯಲ್ಲಿ ಟೀವಿ ಮುಂದೆ ಕೂತಿದ್ದೆ. ಪಕ್ಕದ ಬೀದಿಯಿಂದಲೂ ಒಂದೇ ಕೂಗು: ‘ನಮ್ ಗೇಲು, ನಮ್ ಗೇಲು!’